ತಾಳ್ಮೆ ಅಂದ್ರೆ ಸುಮ್ನೆ ಮಲಗೋದಲ್ಲ ಮಾರಾಯ್ರೆ...

"ಇನ್ನೂ ಗುಣ ಆಗ್ಲಿಲ್ವಾ ಮಾರಾಯ್ರೆ?"

ಕಾಲಿನ ಗಂಟಿಗೆ ಆಪರೇಶನ್ ಆದವರ ಕಿವಿಗೆ ಅತಿ ಹೆಚ್ಚು ಬೀಳುವ ಪ್ರಶ್ನೆ ಇದು. ಎರಡನೇ ಸ್ಥಾನ "ಸ್ವಲ್ಪ ತಾಳ್ಮೆ ಇರ್ಲಿ, ಎಲ್ಲ ಸರಿ ಆಗ್ತದೆ" ಅನ್ನುವ ಬುದ್ಧಿಮಾತಿಗೆ. ತಮಾಷೆ ಅಂದ್ರೆ ಎರಡನ್ನೂ ಹೇಳುವವರು ಒಬ್ಬರೇ! ಬರುವಾಗ ಮೊದಲಿನದ್ದು, ಚಾ ಕುಡಿದು ಏಳುವಾಗ ಎರಡನೆಯದ್ದು :)

ಕೇಳುವವರ ಮೇಲೆ ನನಗೇನೂ ಸಿಟ್ಟಿಲ್ಲ. ಉದ್ಯಾವರದಂಥ ಊರಲ್ಲಿ ಕಾಲು ಮುರಿದವನ ಮನೆಗೆ ಜನ ಬರ್ತಾರೆ, ಬರುವಾಗ ಎಳನೀರೋ ಬಾಳೆಗೊನೆಯೋ ತರ್ತಾರೆ. ಅದು ದೊಡ್ಡ ಭಾಗ್ಯವೇ. ನನ್ನ ತಕರಾರು ಇರುವುದು ಆ 'ತಾಳ್ಮೆ' ಎಂಬ ಪದದ ಮೇಲೆ. ನಮ್ಮಲ್ಲಿ ಅದಕ್ಕೆ ಇರುವ ಅರ್ಥ ಒಂದೇ. ಸುಮ್ಮನೆ ಮಲಗು, ದಿನ ಎಣಿಸು, ಒಂದು ದಿನ ಎದ್ದು ನಡೆ. ಆಪರೇಶನ್ ಆದ ಕಾಲಿನ ಗಂಟಿಗೆ ಇದರಷ್ಟು ಕೆಟ್ಟ ಸಲಹೆ ಬೇರೊಂದಿಲ್ಲ ಅಂತ ನನ್ನ ವಾದ. ಇನ್ನೂ ಒಂದು ವಾದ ಇದೆ. ತಾಳ್ಮೆಯ ಪೂರ್ತಿ ಗುತ್ತಿಗೆಯನ್ನು ರೋಗಿಯ ಒಬ್ಬನ ತಲೆ ಮೇಲೆ ಹಾಕಿ ಉಳಿದವರು ಕೈ ತೊಳೆದುಕೊಳ್ಳುವುದು ಸರಿಯಲ್ಲ. ಒಂದೊಂದಾಗಿ ಹೇಳ್ತೇನೆ, ಸ್ವಲ್ಪ ಉದ್ದ ಆದೀತು, ಓದುವ ತಾಳ್ಮೆ ನಿಮಗಿರಲಿ!

ಮೊದಲು ನನ್ನ ಅರ್ಹತಾ ಪತ್ರ ತೋರಿಸಿಬಿಡ್ತೇನೆ. ಕಳೆದ ವರ್ಷ ಆಟಿ ತಿಂಗಳಲ್ಲಿ ಮನೆ ಹಿಂದಿನ ಮುರಕಲ್ಲಿನ ಮೆಟ್ಟಿಲಲ್ಲಿ ಕಾಲು ಜಾರಿತು. ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಜೂನ್ ಕಳೆಯುವಷ್ಟರಲ್ಲಿ ಕೆಂಪುಕಲ್ಲಿನ ಮೇಲೆ ಹಸಿರು ಪಾಚಿ ಬೆಳೆದಿರುತ್ತದೆ, ಆಟಿಯ ಹೊತ್ತಿಗೆ ಅಂಗಳವೇ ಸಾಬೂನು ಹಚ್ಚಿದ ಹಾಗೆ. ಬಲಗಾಲಿನ ಗಂಟಿನ ಎರಡೂ ಬದಿಯ ಮೂಳೆ ಮುರಿದಿತ್ತು. ಒಂದು ಪ್ಲೇಟು, ಕೆಲವು ಸ್ಕ್ರೂ, ಹೊಲಿಗೆ, ಸ್ಲ್ಯಾಬು, ವಾಕರ್, ಊರುಗೋಲು. ನಂತರ ತಿಂಗಳುಗಟ್ಟಲೆ ವ್ಯಾಯಾಮ. ಈಗ ನಡೆಯುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ಮೊದಲ ಹತ್ತು ಹೆಜ್ಜೆ ಮಾತ್ರ ಬಾಗಿಲ ಕೀಲಿಗೆ ಎಣ್ಣೆ ಹಾಕಲು ಮರೆತ ಹಾಗೆ.

ನಮ್ಮ ಭಾಷೆಯಲ್ಲೇ ಒಂದು ತೊಂದರೆ ಇದೆ ನೋಡಿ. ಸೊಂಟದಿಂದ ಕಿರುಬೆರಳಿನ ತನಕ ಎಲ್ಲಿ ಮುರಿದರೂ ನಾವು ಹೇಳುವುದು "ಕಾಲು ಮುರೀತು" ಅಂತಲೇ. 'ಹರಡು' ಎಂಬ ಒಳ್ಳೆಯ ಪದ ನಿಘಂಟಿನಲ್ಲಿದೆ, ಬಾಯಲ್ಲಿಲ್ಲ. ಆಡುಮಾತಲ್ಲಿ ಗಂಟು ಅಂದರೆ ಮೊಣಕಾಲೂ ಆಗಬಹುದು, ಪಾದದ ಗಂಟೂ ಆಗಬಹುದು. ಹಾಗಾಗಿ ಬಂದವರೆಲ್ಲ ತಮಗೆ ಗೊತ್ತಿರುವ ಕಾಲಿನ ಕತೆ ಹೇಳುತ್ತಾರೆ. ದೊಡ್ಡಮ್ಮನ ಸೊಂಟ, ಭಾವನ ಮೊಣಕಾಲಿನ ಕೆಳಗಿನ ಮೂಳೆ, ಕಾಪುವಿನ ಯಾರೋ ಒಬ್ಬರ ಹೆಬ್ಬೆರಳು. "ಅವ ಇಪ್ಪತ್ತೇ ದಿನದಲ್ಲಿ ಬೈಕ್ ಬಿಟ್ಟಿದ್ದಾನೆ ಗೊತ್ತುಂಟಾ?" ಬಿಟ್ಟಿರಬಹುದು, ಅವನಿಗೆ ಮುರಿದದ್ದು ಕಿರುಬೆರಳು!

ಪಾದದ ಗಂಟಿನ ವಿಷಯವೇ ಬೇರೆ. ಮೇಲಿನಿಂದ ಟಿಬಿಯಾ, ಫಿಬ್ಯುಲಾ ಎಂಬ ಎರಡು ಮೂಳೆಗಳು ಇಳಿದು ಬಂದು ಇಕ್ಕಳದ ಹಾಗೆ ಟೇಲಸ್ ಎಂಬ ಚಿಕ್ಕ ಮೂಳೆಯನ್ನು ಹಿಡಿದುಕೊಂಡಿರುತ್ತವೆ. ಹೊರಬದಿಯಲ್ಲೂ ಒಳಬದಿಯಲ್ಲೂ ಉಬ್ಬಿ ಕಾಣುವುದು ಆ ಇಕ್ಕಳದ ಎರಡು ತುದಿ. ಟೇಲಸ್‌ಗೆ ಒಂದು ಸ್ನಾಯುವೂ ಅಂಟಿಕೊಂಡಿಲ್ಲ, ಅಕ್ಕಪಕ್ಕದ ಮೂಳೆ ಮತ್ತು ಕಟ್ಟುಗಳ ನಡುವೆ ಅದು ಕೂತಿರುತ್ತದೆ ಅಷ್ಟೆ. ಇಡೀ ದೇಹದ ಭಾರ ಹಾದುಹೋಗುವುದು ಆ ಅಂಗೈಗಿಂತ ಚಿಕ್ಕ ಜಾಗದಿಂದ. ಇಕ್ಕಳ ಒಂದಿಷ್ಟು ಅಗಲವಾದರೂ ಒಳಗಿನ ಮೂಳೆ ಓರೆಯಾಗಿ ಸವೆಯತೊಡಗುತ್ತದೆ. ಅದಕ್ಕೇ ಸರ್ಜನ್ನರು ಪ್ಲೇಟು ಸ್ಕ್ರೂ ಹಾಕಿ ಆ ಇಕ್ಕಳವನ್ನು ಮೊದಲಿನ ಅಳತೆಗೆ ತಂದು ನಿಲ್ಲಿಸುವುದು.

ಆದರೆ ಆಪರೇಶನ್ ಕೂಡಿಸುವುದು ಮೂಳೆಯನ್ನು. ನಡಿಗೆಯನ್ನಲ್ಲ. ಮೂಳೆ ಕೂಡಿಕೊಳ್ಳಲು ಸಾಮಾನ್ಯವಾಗಿ 6ರಿಂದ 12 ವಾರ ಸಾಕು. ಅಷ್ಟರೊಳಗೆ ಮೀನಖಂಡದ ಸ್ನಾಯು ಕರಗಿ ಕಾಲು ಬಡಿಗೆಯ ಹಾಗಾಗಿರುತ್ತದೆ. ಗಂಟಿನ ಸುತ್ತಲಿನ ಚೀಲ, ಕಟ್ಟುಗಳು ಬಿಗಿದುಕೊಂಡಿರುತ್ತವೆ. ಮೀನಖಂಡ ನಮ್ಮ ಕಾಲಿನ ಪಂಪ್‌ಸೆಟ್ಟು. ನಡೆಯುವಾಗ ಅದು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ಕಳಿಸುತ್ತದೆ. ಪಂಪು ನಿಂತರೆ ನೀರು ಕೆಳಗೇ ನಿಲ್ಲುತ್ತದೆ, ಸಂಜೆಯಾಗುವಾಗ ಪಾದ ಬಾತುಕೊಳ್ಳುತ್ತದೆ. ಈ ಬಾವು ಆರು ತಿಂಗಳು, ಕೆಲವರಿಗೆ ವರ್ಷವೇ ಇದ್ದರೂ ಆಶ್ಚರ್ಯವಿಲ್ಲ. ಇದನ್ನು ಮೊದಲೇ ಹೇಳಿದವರಿದ್ದರೆ ಎಷ್ಟೋ ಜನರ ನಿದ್ದೆ ಉಳಿಯುತ್ತಿತ್ತು. ಎಕ್ಸ್‌ರೇಯಲ್ಲಿ ಎಲ್ಲ ಸರಿ ಇದೆ, ಕಾಲು ಮಾತ್ರ ಸರಿ ಇಲ್ಲ ಅನ್ನುವ ಆ ನಡುವಿನ ತಿಂಗಳುಗಳಲ್ಲೇ ಜನ ಧೈರ್ಯ ಕಳೆದುಕೊಳ್ಳುವುದು.

ಹಿಂದೆಲ್ಲ ಮುರಿದ ಕಾಲನ್ನು ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿಟ್ಟು ಬಿಚ್ಚಿದಾಗ ಮೂಳೆ ಕೂಡಿರುತ್ತಿತ್ತು, ಕೀಲು ಕಲ್ಲಾಗಿರುತ್ತಿತ್ತು. 1958ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮಾರಿಸ್ ಮುಲ್ಲರ್, ಮಾರ್ಟಿನ್ ಆಲ್ಗೋವರ್ ಮೊದಲಾದ ಸರ್ಜನ್ನರು ಸೇರಿ 'ಎಓ' ಎಂಬ ಗುಂಪು ಕಟ್ಟಿಕೊಂಡದ್ದು ಇದನ್ನು ತಪ್ಪಿಸಲಿಕ್ಕೇ. ಮೂಳೆಯನ್ನು ಒಳಗಿನಿಂದಲೇ ಗಟ್ಟಿಯಾಗಿ ಬಿಗಿದರೆ ಕೀಲನ್ನು ಬೇಗ ಆಡಿಸಬಹುದು ಅಂತ ಅವರ ಲೆಕ್ಕ. ಜೀವ ಅಂದರೆ ಚಲನೆ, ಚಲನೆ ಅಂದರೆ ಜೀವ ಅನ್ನುವುದು ಅವರ ಧ್ಯೇಯ. ಅಂದರೆ ಪ್ಲೇಟು ಹಾಕುವ ಒಂದು ಮುಖ್ಯ ಉದ್ದೇಶವೇ ನೀವು ಸುಮ್ಮನೆ ಮಲಗದಿರಲಿ ಅಂತ! ಅಷ್ಟೆಲ್ಲ ಖರ್ಚು ಮಾಡಿ ಹಾಕಿಸಿಕೊಂಡ ಮೇಲೂ "ಅಲ್ಲಾಡಿಸಬೇಡ, ಅಲ್ಲಾಡಿಸಬೇಡ" ಅಂದರೆ, ಬಾವಿಗೆ ಪಂಪು ಕೂರಿಸಿ ಸ್ವಿಚ್ಚು ಹಾಕದೆ ಕೊಡಪಾನದಲ್ಲಿ ನೀರು ಹೊತ್ತ ಹಾಗೆ.

ಇನ್ನೊಂದು ಕಾಕತಾಳೀಯ ಹೇಳಲೇಬೇಕು. ನಮ್ಮ ಉದ್ಯಾವರದ ಕುತ್ಪಾಡಿಯಲ್ಲಿರುವ ಎಸ್‌ಡಿಎಂ ಆಯುರ್ವೇದ ಕಾಲೇಜು ಶುರುವಾದದ್ದೂ ಅದೇ 1958ರಲ್ಲಿ. ಅಲ್ಲಿ ಪಾಠ ಮಾಡುವ ಸುಶ್ರುತ ಸಂಹಿತೆಯಲ್ಲಿ ಮುರಿದ ಮೂಳೆಗೆಂದೇ ಒಂದು ಅಧ್ಯಾಯವಿದೆ, ಭಗ್ನ ಚಿಕಿತ್ಸೆ ಅಂತ. ಮರದ ತೊಗಟೆ, ಬಿದಿರಿನ ದಬ್ಬೆ ಇಟ್ಟು ಕಟ್ಟಬೇಕು, ಋತು ನೋಡಿ ಇಷ್ಟಿಷ್ಟು ದಿನಕ್ಕೆ ಕಟ್ಟು ಬಿಚ್ಚಿ ಹೊಸದು ಹಾಕಬೇಕು, ಎಳೆಯ ವಯಸ್ಸಿನವರಿಗೆ ಒಂದು ತಿಂಗಳಾದರೆ ನಡುವಯಸ್ಸಿಗೆ ಎರಡು, ಮುಪ್ಪಿಗೆ ಮೂರು ಎಂಬ ಲೆಕ್ಕವೂ ಉಂಟು. ನನಗೆ ತುಂಬಾ ಹಿಡಿಸಿದ್ದು ಕೈ ಮುರಿದವರಿಗೆ ಹೇಳಿದ ಕ್ರಮ. ಮೊದಲು ಮಣ್ಣಿನ ಮುದ್ದೆ ಹಿಡಿಸಬೇಕು, ಆಮೇಲೆ ಉಪ್ಪಿನ ಹರಳು, ಕೈಗೆ ಬಲ ಬಂದ ಮೇಲೆ ಕಲ್ಲು. ನೋಡಿ, ಇಂದಿನ ಫಿಸಿಯೋಥೆರಪಿಸ್ಟ್ ಮೊದಲು ಮೆತ್ತನೆ ಚೆಂಡು, ಆಮೇಲೆ ರಬ್ಬರ್ ಪಟ್ಟಿ, ಆಮೇಲೆ ತೂಕ ಅಂತ ಕೊಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ನಮ್ಮ ಹಿರಿಯರಿಗೆ ಎಲ್ಲವೂ ಗೊತ್ತಿತ್ತು ಅಂತ ಎದೆ ತಟ್ಟಿಕೊಳ್ಳಲು ನಾನಿದನ್ನು ಹೇಳುತ್ತಿಲ್ಲ. ಮಣ್ಣಿನಿಂದ ಕಲ್ಲಿಗೆ ಒಂದೇ ದಿನದಲ್ಲಿ ಹಾರಬಾರದು, ಮಣ್ಣಿನ ಮುದ್ದೆಯಲ್ಲೇ ನಿಂತುಬಿಡಲೂ ಬಾರದು. ಎರಡೂ ತಿಳಿದವರೇ ಹೇಳಿದ ಮಾತು ಅನ್ನುವುದಷ್ಟೇ ನನ್ನ ಅಭಿಪ್ರಾಯ.

ಪುಸ್ತಕ ಬಿಡಿ, ಮಲ್ಪೆ ಬಂದರಿಗೆ ಹೋದರೂ ಇದೇ ಪಾಠ ಸಿಗುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಮಾಡುವ ಕಾಲ, ಕಡಲೂ ಪ್ರಕ್ಷುಬ್ಧ. ದೋಣಿಗಳೆಲ್ಲ ಬಂದರಿನಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ. ನೋಡುವವರಿಗೆ ಎರಡು ತಿಂಗಳ ರಜೆ. ಒಳಗೆ ಹೋಗಿ ನೋಡಿ, ಬಲೆ ರಿಪೇರಿ, ಇಂಜಿನ್ ಬಿಚ್ಚುವುದು, ಮರ ಬದಲಿಸುವುದು, ಬಣ್ಣ ಹೊಡೆಯುವುದು... ಆ 61 ದಿನ ಮಲಗಿದವನ ಬಲೆ ಆಗಸ್ಟಿನಲ್ಲಿ ಹರಿದೇ ಇರುತ್ತದೆ. ಕಾದು ಕೂರುವುದೂ ಕೆಲಸ ಮಾಡುವುದೂ ಒಟ್ಟೊಟ್ಟಿಗೆ ನಡೆಯಬಹುದು ಅಂತ ಮೊಗವೀರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಲಿಗೆ ಬೇಕಾದ ತಾಳ್ಮೆಯೂ ಇಂಥದ್ದೇ. ಬಲೆ ಹೆಣೆಯುವ ತಾಳ್ಮೆ.

ಈಗ ವ್ಯಾಯಾಮದ ವಿಷಯ. ಇದು ಬಹಳ ಬೋರಿಂಗ್, ಯಾರೂ ಅದನ್ನು ಮುಚ್ಚಿಡಬಾರದು. ಟವೆಲಿನ ಪಟ್ಟಿಯನ್ನು ಅಂಗಾಲಿಗೆ ಸಿಕ್ಕಿಸಿ ತನ್ನ ಕಡೆ ಎಳೆದುಕೊಳ್ಳುವುದು, ನೆಲದ ಮೇಲಿನ ಬಟ್ಟೆಯನ್ನು ಕಾಲ್ಬೆರಳಿನಿಂದ ಮುದುಡುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಒಂಟಿ ಕಾಲಲ್ಲಿ ನಿಲ್ಲುವುದು. ದಿನಕ್ಕೆ ಮೂರು ಸಲ, ತಿಂಗಳುಗಟ್ಟಲೆ. ಫಿಸಿಯೋದವರು ಕಾಲ್ಬೆರಳನ್ನು ಪೆನ್ನು ಮಾಡಿಕೊಂಡು ಗಾಳಿಯಲ್ಲಿ ಇಂಗ್ಲಿಷ್ ಎಬಿಸಿಡಿ ಬರೆಯಲು ಹೇಳುತ್ತಾರೆ. ನಾನು ಕನ್ನಡದ ಅಭಿಮಾನಿ, ಅಆಇಈ ಬರೆದೆ! ಇಂಗ್ಲಿಷಿನ ಕಡ್ಡಿ ಅಕ್ಷರಕ್ಕಿಂತ ನಮ್ಮ ಗುಂಡು ಅಕ್ಷರ ಕಾಲಿನ ಗಂಟಿಗೆ ಎಷ್ಟೋ ಮೇಲು ಅಂತ ನನ್ನ ಸ್ವಂತ ಸಂಶೋಧನೆ. ಎರಡನೇ ವಾರ 'ಗ'ದಲ್ಲೇ ಸುಸ್ತು. 'ಋ' ಪೂರ್ತಿ ಬರೆದ ದಿನ ಮನೆಯಲ್ಲಿ ಪಾಯಸ ಮಾಡಿಸಿದ್ದೇನೆ. ಯುನಿಕೋಡಿನಲ್ಲಿ ಒತ್ತಕ್ಷರ ಮೂಡಿಸಲು ಒದ್ದಾಡಿದ ಬ್ಲಾಗಿಗರಿಗೆ 'ಕ್ಷ'ವನ್ನು ಹೆಬ್ಬೆರಳಲ್ಲಿ ಬರೆಯುವ ಕಷ್ಟ ಬೇಗ ಅರ್ಥವಾದೀತು :)

ಬಾವು ಇಳಿಯಬೇಕಾದರೆ ಕಾಲನ್ನು ಎದೆಗಿಂತ ಮೇಲೆ ಇಡಬೇಕು. ಎರಡು ದಿಂಬು ಸಾಲದು, ಮೂರು ಬೇಕು. ನಮ್ಮ ಮನೆಗಳಲ್ಲಿ ಇದೊಂದು ಧರ್ಮಸಂಕಟ. ಹಿರಿಯರು ಬಂದು ಎದುರು ಕೂತಿರುವಾಗ ಅವರ ಮುಖಕ್ಕೆ ನೇರ ಅಂಗಾಲು ತೋರಿಸಿ ಮಲಗುವುದು ಹೇಗೆ? ಚಾವಡಿಯಲ್ಲಿ ಮಂಚ ಹಾಕಿದರೆ ಕಾಲು ದೇವರ ಕೋಣೆಯ ಕಡೆಗೆ. ಅತ್ತೆ, ಮಾವ, ದೊಡ್ಡಪ್ಪ ಬಂದಾಗಲೆಲ್ಲ ಕಾಲು ಕೆಳಗಿಳಿಸಿ ಎದ್ದು ಕೂರುವುದು, ಅವರು ಹೋಗುವಷ್ಟರಲ್ಲಿ ಪಾದ ಹಲಸಿನಕಾಯಿ. ನಮ್ಮ ದೊಡ್ಡಪ್ಪ ಮಾತ್ರ ಒಳಗೆ ಬಂದವರೇ ಕುರ್ಚಿಯನ್ನು ನನ್ನ ತಲೆಯ ಬದಿಗೆ ಎಳೆದುಕೊಂಡು, "ನೀನು ಕಾಲು ಇಳಿಸ್ಬೇಡ ಮಗಾ, ನಾನು ಈ ಕಡೆ ಕೂತ್ಕೊಳ್ತೇನೆ" ಅಂದರು. ಹತ್ತು ಜನರ ಬುದ್ಧಿಮಾತಿಗಿಂತ ಆ ಒಂದು ಕುರ್ಚಿ ನನ್ನ ಕಾಲಿಗೆ ಹೆಚ್ಚು ಉಪಕಾರ ಮಾಡಿದೆ. ಮರ್ಯಾದೆ ಎಂಬುದು ಅಂಗಾಲಿನ ದಿಕ್ಕಿನಲ್ಲಿಲ್ಲ ಅಂತ ಎಂಬತ್ತರ ಅವರಿಗೆ ಗೊತ್ತಿದೆ.

ತಾಳ್ಮೆ ಕೆಡುವುದು ನೋವಿನಿಂದ ಅಂತ ಅನೇಕರ ನಂಬಿಕೆ. ನನಗೆ ಹಾಗನಿಸುವುದಿಲ್ಲ. ನೋವಿಗೆ ಮಾತ್ರೆ ಇದೆ. ಏನೂ ಬದಲಾಗುತ್ತಿಲ್ಲ ಅಂತ ಅನಿಸುವ ವಾರಗಳಿಗೆ ಮಾತ್ರೆ ಇಲ್ಲ. ಅದಕ್ಕಿರುವ ಮದ್ದು ಅಳತೆ. ಗೋಡೆಗೆ ಎದುರಾಗಿ ನಿಂತು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ತಾಗಿಸಬೇಕು. ತಾಗುವಾಗ ಹೆಬ್ಬೆರಳಿಗೂ ಗೋಡೆಗೂ ನಡುವೆ ಎಷ್ಟು ಜಾಗ ಇದೆ ಅಂತ ನೋಡಬೇಕು. ಫಿಸಿಯೋದವರು ಇದನ್ನು ಸೆಂಟಿಮೀಟರಿನಲ್ಲಿ ಅಳೆಯುತ್ತಾರೆ, ನಾನು ಬೆರಳಿನಲ್ಲಿ ಅಳೆದೆ. ಕಾಲು ಊರಲು ಅಪ್ಪಣೆ ಸಿಕ್ಕ ಮೇಲಿನ ಮಾತಿದು. ಮೊದಲ ದಿನ ಸೊನ್ನೆ. ಹದಿನೈದು ದಿನಕ್ಕೆ ಒಂದು ಬೆರಳು. ಆಮೇಲೆ ಎರಡು ವಾರ ಒಂದೇ ಬೆರಳು, ಆಮೇಲೆ ಒಂದೂವರೆ. ಹಳೆ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರ ಬರೆದಿಡುತ್ತಿದ್ದೆ. ನಿನ್ನೆಗೂ ಇವತ್ತಿಗೂ ಹೋಲಿಸಿದರೆ ಅಳು ಬರುತ್ತದೆ, ಕಳೆದ ತಿಂಗಳಿಗೆ ಹೋಲಿಸಿದರೆ ನಗು ಬರುತ್ತದೆ. ಅಷ್ಟೇ ವ್ಯತ್ಯಾಸ.

ವೈದ್ಯಕೀಯದ ಚರಿತ್ರೆಯಲ್ಲಿ ಈ ವಿಷಯಕ್ಕೆ ಹೊಂದುವ ಒಂದು ಸೊಗಸಾದ ಕತೆ ಇದೆ. ಲಂಡನ್ನಿನ ಸರ್ಜನ್ ಪರ್ಸಿವಲ್ ಪಾಟ್ 1756ರಲ್ಲಿ ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡ. ಮೂಳೆ ಚರ್ಮ ಸೀಳಿ ಹೊರಬಂದಿತ್ತು. ಸಿಕ್ಕ ಸಿಕ್ಕ ಹಾಗೆ ಎತ್ತಿಕೊಂಡು ಹೋಗಲು ಬಿಡದೆ ಅವನು ರಸ್ತೆಯಲ್ಲೇ ಮಲಗಿದ್ದು, ಒಂದು ಬಾಗಿಲನ್ನು ಕೊಂಡು ತರಿಸಿ, ಅದಕ್ಕೆ ಪಲ್ಲಕ್ಕಿ ಹೊರುವವರ ದಂಡಗಳನ್ನು ಮೊಳೆ ಹೊಡೆಸಿ, ಅದರ ಮೇಲೆ ಮಲಗಿ ಮನೆಗೆ ಹೋದನಂತೆ. ಆ ಕಾಲದಲ್ಲಿ ಅಂಥ ಗಾಯಕ್ಕೆ ಕಾಲು ಕತ್ತರಿಸುವುದೇ ಚಿಕಿತ್ಸೆ, ಅದಕ್ಕೆ ತಯಾರಿಯೂ ಆಗಿತ್ತು. ಅಷ್ಟರಲ್ಲಿ ಅವನ ಗುರು ಎಡ್ವರ್ಡ್ ನೋರ್ಸ್ ಬಂದು, ಉಳಿಸಲು ನೋಡೋಣ ಅಂದ. ಕಾಲು ಉಳಿಯಿತು. ಮಲಗಿದ್ದ ದಿನಗಳಲ್ಲಿ ಪಾಟ್ ಹರ್ನಿಯಾದ ಬಗ್ಗೆ ಒಂದು ಪುಸ್ತಕ ಬರೆದ. ಇವತ್ತಿಗೂ ಪಾದದ ಗಂಟಿನ ಒಂದು ಬಗೆಯ ಮುರಿತಕ್ಕೆ 'ಪಾಟ್ಸ್ ಫ್ರ್ಯಾಕ್ಚರ್' ಅಂತಲೇ ಹೆಸರು. ಸ್ವಾರಸ್ಯ ಏನೆಂದರೆ ಅವನಿಗೆ ಆದದ್ದು ಅದಲ್ಲ, ಅದಕ್ಕಿಂತ ಮೇಲಿನ ಮುರಿತ! ಕಾಲು ಮುರಿದಾಗ ಎಲ್ಲರೂ ಪುಸ್ತಕ ಬರೆಯಬೇಕಾಗಿಲ್ಲ. ಆದರೆ ಆತುರದವರ ಕೈಗೆ ತನ್ನನ್ನು ಒಪ್ಪಿಸದೆ ಸರಿಯಾದ ಏರ್ಪಾಡಿಗಾಗಿ ಕಾದನಲ್ಲ, ಅದು ಕೆಲಸ ಮಾಡುವ ತಾಳ್ಮೆ.

ಹತ್ತಿರದ ಉದಾಹರಣೆ ಬೇಕಾದರೆ ಮೊಹಮ್ಮದ್ ಶಮಿಯನ್ನು ನೋಡಿ. 2023ರ ವಿಶ್ವಕಪ್ಪಿನಲ್ಲಿ 7 ಪಂದ್ಯಗಳಲ್ಲಿ 24 ವಿಕೆಟ್. ಆಮೇಲೆ ಪಾದದ ನೋವು, 2024ರ ಫೆಬ್ರವರಿಯಲ್ಲಿ ಇಂಗ್ಲೆಂಡಿನಲ್ಲಿ ಹಿಮ್ಮಡಿಯ ನರಕ್ಕೆ ಆಪರೇಶನ್. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಅಭ್ಯಾಸ. ಇನ್ನೇನು ಬಂದೇ ಬಿಟ್ಟ ಅನ್ನುವಾಗ ಮೊಣಕಾಲು ಬಾತುಕೊಂಡಿತು, ಮತ್ತೆ ಹಿಂದಕ್ಕೆ. ಕೊನೆಗೆ 2024ರ ನವೆಂಬರಿನಲ್ಲಿ ಬಂಗಾಳದ ಪರ ರಣಜಿ ಪಂದ್ಯ ಆಡಿದ, 2025ರ ಫೆಬ್ರವರಿಯಲ್ಲಿ ದುಬೈಯಲ್ಲಿ ಬಾಂಗ್ಲಾದೇಶದ ವಿರುದ್ಧ 53 ರನ್ನಿಗೆ 5 ವಿಕೆಟ್ ತೆಗೆದ. ದೇಶದ ಅತ್ಯುತ್ತಮ ವೈದ್ಯರು, ಫಿಸಿಯೋಗಳು, ಜಿಮ್ಮು ಎಲ್ಲ ಇದ್ದವನಿಗೇ ಒಂದು ವರ್ಷ ಹಿಡಿಯಿತು, ನಡುವೆ ಒಂದು ಸಲ ಹಿಂದೆಯೂ ಬಿದ್ದ. ಹಾಗಿರುವಾಗ ಮೂರು ತಿಂಗಳಾದರೂ ಕುಂಟುತ್ತಾರೆ ಅಂತ ನಮ್ಮ ಟೀಚರಮ್ಮನನ್ನೋ ಬಸ್ ಡ್ರೈವರನ್ನೋ ಆಡಿಕೊಳ್ಳುವುದು ಯಾವ ನ್ಯಾಯ?

ಹಾಗಂತ ಕಾಯುವ ಅವಧಿಯೇನೂ ಶಿಲಾಶಾಸನವಲ್ಲ. ಆಪರೇಶನ್ ಆದ ಮೇಲೆ ಆರು ವಾರ ಕಾಲು ಊರಬಾರದು ಅನ್ನುವುದು ಬಹುಕಾಲದ ರೂಢಿ. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಒಂದು ಅಧ್ಯಯನ, ಎರಡು ವಾರಕ್ಕೇ ಭಾರ ಹಾಕಲು ಬಿಟ್ಟವರನ್ನೂ ಆರು ವಾರ ಕಾದವರನ್ನೂ ಹೋಲಿಸಿ, ಬೇಗ ಊರಿದವರ ಸ್ಥಿತಿ ಏನೂ ಕಡಿಮೆ ಇರಲಿಲ್ಲ ಅಂತ ತೋರಿಸಿತು. ಇದನ್ನು ಓದಿ ಇವತ್ತೇ ಊರುಗೋಲು ಎಸೆಯಬೇಡಿ ದಯವಿಟ್ಟು! ಮೂಳೆ ಟೊಳ್ಳಾದವರು, ಸಕ್ಕರೆ ಕಾಯಿಲೆ ಇರುವವರು, ಕಟ್ಟು ಹರಿದವರು, ಇವರ ಲೆಕ್ಕವೆಲ್ಲ ಬೇರೆ ಬೇರೆ. ನನ್ನ ಮಾತು ಇಷ್ಟೇ. ನಿಮ್ಮ ಕಾಲಿನ ದಿನಾಂಕ ನಿಗದಿ ಮಾಡಬೇಕಾದವರು ನಿಮ್ಮ ಎಕ್ಸ್‌ರೇ ನೋಡಿದ ಸರ್ಜನ್. ನೆರೆಮನೆಯವರೂ ಅಲ್ಲ, ಇಂಟರ್‌ನೆಟ್ಟೂ ಅಲ್ಲ, ನಾನಂತೂ ಅಲ್ಲವೇ ಅಲ್ಲ. "ಯಾವಾಗ ಊರಬಹುದು, ಎಷ್ಟು ಭಾರ ಹಾಕಬಹುದು, ಯಾವ ವ್ಯಾಯಾಮ ಈಗಲೇ ಶುರು ಮಾಡಬಹುದು" ಈ ಮೂರನ್ನು ಬಾಯಿ ಬಿಟ್ಟು ಕೇಳಬೇಕು. ಮಣಿಪಾಲ ನಮಗೆ ಕೂಗಿನ ದೂರ. 1953ರಿಂದ ಮೆಡಿಕಲ್ ಕಾಲೇಜು ಇರುವ ಜಾಗ. ಆಪರೇಶನ್ನಿಗೆ ಅಲ್ಲಿಗೆ ಓಡುವ ನಮ್ಮ ಜನ ಫಿಸಿಯೋಗೆ ಬನ್ನಿ ಅಂದರೆ "ಅದೆಂತ, ಕಾಲು ಅಲ್ಲಾಡಿಸ್ಲಿಕ್ಕೆ ದುಡ್ಡು ಕೊಡುದಾ?" ಅನ್ನುತ್ತಾರೆ. ಕಬ್ಬಿಣಕ್ಕೆ ಕೊಟ್ಟ ದುಡ್ಡು ದಂಡವಾಗಬಾರದು ಅಂತಿದ್ದರೆ ಅಲ್ಲಾಡಿಸುವುದಕ್ಕೂ ಕೊಡಬೇಕು.

ಇಲ್ಲಿಯ ತನಕ ಹೇಳಿದ್ದು ರೋಗಿಯ ಪಾಲಿನ ತಾಳ್ಮೆ. ಈಗ ಉಳಿದವರ ಪಾಲು.

ತಾಳ್ಮೆಗೆ ಒಂದು ರೇಟು ಇದೆ, ಅದು ಎಲ್ಲರಿಗೂ ಒಂದೇ ಅಲ್ಲ. ನನಗೆ ಕಚೇರಿಯಲ್ಲಿ ರಜೆ ಸಿಕ್ಕಿತು, ಸಂಬಳ ಬಂತು. ನಮ್ಮ ಬೀದಿಗೆ ಮೀನು ತರುವ ಅಕ್ಕನಿಗೂ ಕಾಲಿನ ಗಂಟು ಮುರಿದಿತ್ತು, ಎರಡು ವರ್ಷ ಹಿಂದೆ. ಐದನೇ ವಾರಕ್ಕೇ ಬುಟ್ಟಿ ಹೊತ್ತು ಬಂದರು. "ಕೂತ್ರೆ ಯಾರು ಕೊಡ್ತಾರೆ ಅಣ್ಣ? ಸೊಸೈಟಿ ಕಂತು ನಿಲ್ಲುದಿಲ್ಲ ಅಲ್ವಾ?" ಇವತ್ತಿಗೂ ಅವರು ಮೆಟ್ಟಿಲನ್ನು ಓರೆಯಾಗಿ ಇಳಿಯುತ್ತಾರೆ. ಇಎಸ್ಐ ಇರುವ ಕೆಲಸಗಾರರಿಗೆ ಕಾಯಿಲೆಯ ಕಾಲದಲ್ಲಿ ವರ್ಷಕ್ಕೆ 91 ದಿನದ ತನಕ ಸಂಬಳದ ನೂರಕ್ಕೆ 70ರಷ್ಟು ಸಿಗುತ್ತದೆ. ಮೀನು ಮಾರುವವರಿಗೆ, ತೆಂಗಿನಮರ ಹತ್ತುವವರಿಗೆ, ಗಾರೆ ಕೆಲಸದವರಿಗೆ ಆ ಬಾಗಿಲೂ ಇಲ್ಲ. ಸರ್ಕಾರದ ಕಾರ್ಡಿನಲ್ಲಿ ಆಪರೇಶನ್ ಖರ್ಚು ಕಳೆದೀತು, ಆಮೇಲಿನ ಮೂರು ತಿಂಗಳ ಅಕ್ಕಿಯ ಖರ್ಚಿಗೆ ಕಾರ್ಡಿಲ್ಲ. ಅವರಿಗೆ ಹೋಗಿ "ತಾಳ್ಮೆ ಇರ್ಲಿ" ಅನ್ನುವ ಮೊದಲು ಸ್ವಲ್ಪ ಯೋಚಿಸಬೇಕು. ಅವರಲ್ಲಿ ತಾಳ್ಮೆ ನಮಗಿಂತ ಹೆಚ್ಚೇ ಇದೆ. ಇಲ್ಲದ್ದು ಅದನ್ನು ಖರ್ಚು ಮಾಡುವ ಅನುಕೂಲ.

ಇನ್ನು ರಸ್ತೆ. ಉದ್ಯಾವರದ ನಡುವೆ ಹಾದುಹೋಗುವ ಹೈವೇ ಚತುಷ್ಪಥ ಆದ ಮೇಲೆ ಊರು ಎರಡು ದಡವಾಗಿದೆ. ಬಲಾಯಿಪಾದೆಯಲ್ಲಿ ಊರುಗೋಲು ಹಿಡಿದು ಆಚೆ ಬದಿಗೆ ದಾಟಿ ನೋಡಿ, ಮಂಗಳೂರು ಕಡೆಯ ಲಾರಿಗಳಿಗೆ ನಿಮ್ಮ ಫಿಸಿಯೋ ಚಾರ್ಟು ಗೊತ್ತಿರುವುದಿಲ್ಲ. ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಅಂತ ಎರಡೂ ಕಾಲು ಸರಿ ಇದ್ದವರು ಯಾವತ್ತೂ ನೋಡಿರುವುದಿಲ್ಲ. ಟೈಮಿಂಗಿನ ಓಟದಲ್ಲಿ ಕಂಡಕ್ಟರ್ ಒಂದು ಕಾಲು ಒಳಗೆ ಬಂದ ಕೂಡಲೇ ಸೀಟಿ ಊದುತ್ತಾನೆ. ಅವನನ್ನು ಬೈದು ಪ್ರಯೋಜನ ಇಲ್ಲ, ಅವನ ಹಿಂದೆಯೇ ಇನ್ನೊಂದು ಬಸ್ಸು ಬರುತ್ತಿರುತ್ತದೆ. ಒಮ್ಮೆ ಒಬ್ಬ ಹುಡುಗ ಸೀಟಿ ಊದದೆ ಇಳಿದು ಬಂದು ನನ್ನ ಊರುಗೋಲನ್ನು ಮೊದಲು ಒಳಗಿಟ್ಟು, "ನಿಧಾನ ಅಣ್ಣ, ನಿಧಾನ" ಅಂದ. ಹತ್ತು ಸೆಕೆಂಡು ಹೋಗಿರಬಹುದು. ಉಡುಪಿ ಸಿಟಿ ಬಸ್ ಸ್ಟ್ಯಾಂಡಿಗೆ ಬಸ್ಸು ಸರಿಯಾದ ಹೊತ್ತಿಗೇ ತಲುಪಿತು.

ಕಾನೂನಿನಲ್ಲೂ ನಮಗೆ ಜಾಗ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ದೀರ್ಘಕಾಲದ ವೈಕಲ್ಯ ಇರುವವರಿಗಾಗಿ ಇರುವುದು. ಆರು ತಿಂಗಳ ಕುಂಟ ಅದರೊಳಗೆ ಬರುವುದಿಲ್ಲ, ಬರಬೇಕು ಅಂತಲೂ ನಾನು ಹೇಳುವುದಿಲ್ಲ. ಆದರೆ ಅವರಿಗಾಗಿ ಕಟ್ಟಿದ ರ‍್ಯಾಂಪ್, ಹಾಕಿದ ಕೈಹಿಡಿ ಎಲ್ಲರಿಗೂ ಒಂದಲ್ಲ ಒಂದು ದಿನ ಬೇಕಾಗುತ್ತದೆ. "ನಮ್ಮಲ್ಲಿ ಅಂಥವರು ಯಾರೂ ಬರುದಿಲ್ಲ" ಅನ್ನುವ ಸಭಾಭವನದವರಿಗೆ, ಬ್ಯಾಂಕಿನವರಿಗೆ ನನ್ನ ಉತ್ತರ ಇದು: ಮೆಟ್ಟಿಲು ಇಟ್ಟರೆ ಬರುವುದಾದರೂ ಹೇಗೆ ಸ್ವಾಮಿ?

ಮನೆಯ ಒಳಗಿನ ಕತೆ ಇನ್ನೊಂದು. ಕುಕ್ಕರುಗಾಲಲ್ಲಿ ಕೂರಲು ಪಾದದ ಗಂಟು ಚೆನ್ನಾಗಿ ಬಾಗಬೇಕು. ಆಪರೇಶನ್ ಆದ ಗಂಟು ಕೊನೆಗೆ ಕಲಿಯುವುದು ಅದನ್ನೇ. ನಮ್ಮ ಬದುಕು ನಡೆಯುವುದೇ ನೆಲದಲ್ಲಿ. ಹಳೆಯ ಕಕ್ಕಸು, ಒಗೆಯುವ ಕಲ್ಲು, ಮೆಟ್ಟುಕತ್ತಿ, ಮದುವೆ ಮನೆಯ ಪಂಕ್ತಿ, ದೇವಸ್ಥಾನದ ನಮಸ್ಕಾರ. ಪಾಶ್ಚಾತ್ಯ ಪುಸ್ತಕದಲ್ಲಿ "ಪೂರ್ತಿ ಗುಣ" ಅಂತ ಬರೆದ ಕಾಲು ಇಲ್ಲಿ ಇನ್ನೂ ಅರ್ಧ ದಾರಿಯಲ್ಲಿರುತ್ತದೆ. ಹಾಗಾಗಿ ಫಿಸಿಯೋದವರ ಹತ್ತಿರ "ನಡೀಬೇಕು" ಅಂತ ಮಾತ್ರ ಹೇಳಬೇಡಿ, "ಕುಕ್ಕರುಗಾಲಲ್ಲಿ ಕೂರಬೇಕು, ಬಾವಿಕಟ್ಟೆ ಹತ್ತಬೇಕು" ಅಂತ ಹೇಳಿ. ಅವರು ಅದಕ್ಕೆ ತಕ್ಕ ವ್ಯಾಯಾಮ ಕೊಡುತ್ತಾರೆ. ಅದು ಬರುವ ತನಕ ಪಂಕ್ತಿಯ ಕೊನೆಯಲ್ಲಿ ಒಂದು ಕುರ್ಚಿ ಹಾಕಿ ಕೂತರೆ ಯಾವ ದೇವರಿಗೂ ಬೇಸರವಿಲ್ಲ.

ಕೊನೆಗೆ, ಕಾಲು ಕಟ್ಟಿಕೊಂಡು ಕೂತು ಇದನ್ನು ಓದುತ್ತಿರುವವರಿಗೆ ನಾಲ್ಕು ಮಾತು.

1. ಅಪ್ಪಣೆ ಸಿಕ್ಕಿದ ವ್ಯಾಯಾಮ ಒಂದು ದಿನವೂ ಬಿಡಬೇಡಿ, ಸಿಗದ್ದನ್ನು ಒಂದು ದಿನವೂ ಮಾಡಬೇಡಿ. "ಎಣ್ಣೆ ಹಾಕಿ ಗಟ್ಟಿ ತಿಕ್ಕಿ" ಅನ್ನುವವರಿಗೆ ಚಾ ಕೊಟ್ಟು ಕಳಿಸಿ.

2. ಮೀನಖಂಡ ಬಿಗಿದು ನೋಯುವುದು, ಇದ್ದಕ್ಕಿದ್ದ ಹಾಗೆ ಬಾವು ಏರುವುದು, ಜ್ವರ, ಗಾಯದಿಂದ ಕೀವು, ಎದೆನೋವು, ಉಸಿರು ಕಟ್ಟುವುದು, ಇವಕ್ಕೆ ತಾಳ್ಮೆ ಬೇಡವೇ ಬೇಡ. ಅದೇ ಗಳಿಗೆ ಆಸ್ಪತ್ರೆಗೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಹೋಗಬಹುದು.

3. ಬೀಡಿ ಸಿಗರೇಟು ಇದ್ದರೆ ಬಿಡಿ, ಮೂಳೆ ಕೂಡುವುದನ್ನು ಅದು ನಿಧಾನ ಮಾಡುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ.

4. ವಾರಕ್ಕೊಮ್ಮೆ ಅಳೆದು ಬರೆದಿಡಿ. ನೆನಪನ್ನು ನಂಬಬೇಡಿ, ಅದು ಯಾವಾಗಲೂ ಕೆಟ್ಟ ದಿನವನ್ನೇ ನೆನಪಿಟ್ಟುಕೊಳ್ಳುತ್ತದೆ.

ಇನ್ನು ನೋಡಲು ಹೋಗುವವರಿಗೆ ಎರಡೇ. ಕುರ್ಚಿಯನ್ನು ತಲೆಯ ಬದಿಗೆ ಹಾಕಿಕೊಳ್ಳಿ. "ಇನ್ನೂ ಗುಣ ಆಗ್ಲಿಲ್ವಾ" ಬದಲು "ಈ ವಾರ ಹೊಸತೇನು ಮಾಡ್ಲಿಕ್ಕೆ ಬಂತು?" ಅಂತ ಕೇಳಿ. ಉತ್ತರ ಕೊಡಲು ಅವರಿಗೂ ಏನಾದರೂ ಇರುತ್ತದೆ. 'ಕ್ಷ' ಬರೆದದ್ದಾದರೂ ಇದ್ದೇ ಇರುತ್ತದೆ.

ಮಳೆ ಶುರುವಾಗುವ ಮೊದಲು ಅಂಗಳದ ಪಾಚಿ ಉಜ್ಜಿ ತೆಗೆಯಿರಿ, ಆಗದಿದ್ದರೆ ನಡೆಯುವಲ್ಲಿ ನಾಲ್ಕು ತೆಂಗಿನ ಮಡಲಾದರೂ ಹಾಸಿ. ಇದಕ್ಕೆ ಸರ್ಜನ್ನೂ ಬೇಡ, ಫಿಸಿಯೋನೂ ಬೇಡ, ಅರ್ಧ ಗಂಟೆ ಸಾಕು. ನಮ್ಮ ಮನೆಯ ಮೆಟ್ಟಿಲಿಗೆ ಈಗ ಕಬ್ಬಿಣದ ಕೈಹಿಡಿ ಹಾಕಿಸಿದ್ದೇವೆ. ಹೆಚ್ಚಾಗಿ ಹಿಡಿದುಕೊಳ್ಳುವವರು ಅಮ್ಮ.

ನೀವೇನಂತೀರಿ?